ಸೊಟ್ಟ ಕಿರುಬೆರಳಿನ ನ್ಯಾಯಮೂರ್ತಿ

ರಂಗನಾಥ (ಮನೆಯವರ ಗುಂಪಿಗೆ, ಬಂದ ಸಂದೇಶವನ್ನು ಹಾಗೆಯೇ ದಾಟಿಸಿದ್ದು): "ಅಮೆರಿಕದ ಫುಟ್‌ಬಾಲ್ ಆಟಗಾರ ಆಲನ್ ಪೇಜ್ ಚೆಂಡು ಬಿಸಾಡಿ ಕಾನೂನು ಪುಸ್ತಕ ಹಿಡಿದ, ಸುಪ್ರೀಂ ಕೋರ್ಟ್ ನ್ಯಾಯಾಧೀಶನಾದ! ಹತ್ತು ಮಕ್ಕಳಿಗೆ ತಲುಪಿಸಿ."

ರಂಗನಾಥ: ಪವನ್, ಎರಡು ಸಲ ಓದು.

ಪವನ್: ಓದಿದೆ ಮಾವ. ಈ ವಾರ ನೀವು ಕಳಿಸಿದ ಮೂರನೆಯ ನ್ಯಾಯಾಧೀಶರು ಇವರು.

ಅನಿರುದ್ಧ: ದೊಡ್ಡಪ್ಪ, ನಾನಿರುವುದು ಅವರದೇ ಊರು ಮಿನಿಯಾಪೊಲಿಸ್‌ನಲ್ಲಿ. ಇದರಲ್ಲಿ ಅರ್ಧ ಸುಳ್ಳು. ಅಮೆರಿಕದ ಫುಟ್‌ಬಾಲ್ ಎಂದರೆ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಎಸೆದು, ಹಿಡಿದು ಓಡುವ ಆಟ. ಅದರಲ್ಲೂ ಪೇಜ್ ಚೆಂಡು ಹಿಡಿಯುವವರೇ ಅಲ್ಲ. ಮಿನೆಸೋಟ ವೈಕಿಂಗ್ಸ್ ತಂಡದ ರಕ್ಷಣಾ ಸಾಲಿನ ನಡುವೆ ನಿಂತು, ಎದುರಾಳಿಗಳ ಗೋಡೆಯನ್ನು ಸೀಳಿ, ಚೆಂಡು ಎಸೆಯುವವನನ್ನು ಎಸೆಯುವ ಮೊದಲೇ ಕೆಡಹುತ್ತಿದ್ದರು. 1971ರಲ್ಲಿ ಇಡೀ ಲೀಗ್‌ನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡರು. ಅಲ್ಲಿಯವರೆಗೆ ರಕ್ಷಣೆಯವರಿಗೆ ಆ ಗೌರವ ಸಿಕ್ಕಿರಲಿಲ್ಲ.

ರಂಗನಾಥ: ಇರಲಿ. ಆಮೇಲೆ ಆಟ ಬಿಟ್ಟರು ತಾನೆ?

ಅನಿರುದ್ಧ: ಎಲ್ಲಿ ಬಿಟ್ಟರು? 1978ರಲ್ಲಿ ಕಾನೂನು ಪದವಿ ಪಡೆದಾಗಲೂ ಆಡುತ್ತಿದ್ದರು. ನಿಲ್ಲಿಸಿದ್ದು 1981ರ ಋತು ಮುಗಿಸಿ. 15 ವರ್ಷ, 218 ಪಂದ್ಯ, ಒಂದನ್ನೂ ತಪ್ಪಿಸಿಕೊಂಡಿಲ್ಲ.

ಸುಧಾ: ನೋಡಣ್ಣ, ಎರಡನ್ನೂ ಒಟ್ಟಿಗೆ ಮಾಡಬಹುದು ಎಂದಾಯಿತು.

ರಂಗನಾಥ: ಸುಧಾ, ನೀನು ವಕಾಲತ್ತು ಹಾಕಬೇಡ. ನಿನ್ನ ಮಗ ಕಾನೂನು ಕಾಲೇಜಿಗೆ ಸೇರಿ ತಿಂಗಳಾಗಿಲ್ಲ, ಬಿಡುತ್ತೇನೆ ಎನ್ನುತ್ತಿದ್ದಾನೆ.

ಅನಿರುದ್ಧ: ಪೇಜ್ ಕೂಡ ಮೊದಲ ಸಲ ಸೇರಿ ಮೂರೇ ವಾರಕ್ಕೆ ಬಿಟ್ಟಿದ್ದರು!

ಪವನ್: ಅನಿಯಣ್ಣ, ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು.

ರಂಗನಾಥ: ಉರಿಯುವ ಬೆಂಕಿಗೆ ತುಪ್ಪ ಸುರಿದೆಯಲ್ಲಪ್ಪ!

ಅನಿರುದ್ಧ: ಕೆಲವು ವರ್ಷಗಳ ನಂತರ ಬೇರೆ ಕಡೆ ಸೇರಿ ಮುಗಿಸಿದರಲ್ಲ, ಅದನ್ನೂ ಹೇಳಿದ್ದೇನೆ. ಇನ್ನೊಂದು ತಿದ್ದುಪಡಿ: ಅದು ದೇಶದ ಸುಪ್ರೀಂ ಕೋರ್ಟ್ ಅಲ್ಲ, ಮಿನೆಸೋಟ ರಾಜ್ಯದ್ದು. 1992ರಲ್ಲಿ ಚುನಾವಣೆಗೆ ನಿಂತು ಗೆದ್ದರು. ಆ ಪೀಠದಲ್ಲಿ ಕುಳಿತ ಮೊದಲ ಕಪ್ಪು ವರ್ಣೀಯರು.

ರಂಗನಾಥ: ನ್ಯಾಯಮೂರ್ತಿ ಚುನಾವಣೆಗೆ ನಿಲ್ಲುವುದೇ? ಮೂವತ್ತು ವರ್ಷ ಕೋರ್ಟಿನಲ್ಲಿ ಶಿರಸ್ತೇದಾರಿಕೆ ಮಾಡಿದವನು ನಾನು. ಮನೆಮನೆಗೆ ಹೋಗಿ ಕೈಮುಗಿಯುತ್ತಾರೆಯೇ?

ಅನಿರುದ್ಧ: ಇಲ್ಲಿ ಮತ ಹಾಕಿಯೇ ಆರಿಸುತ್ತಾರೆ ದೊಡ್ಡಪ್ಪ. ಆಗಿದ್ದ ನ್ಯಾಯಮೂರ್ತಿಯ ಅವಧಿಯನ್ನು ಗವರ್ನರ್ ವಿಸ್ತರಿಸಿದ್ದರಿಂದ ಆ ಸಲ ಚುನಾವಣೆಯೇ ತಪ್ಪಿಹೋಗುವುದಿತ್ತು. ಪೇಜ್ ದಾವೆ ಹೂಡಿ ಗೆದ್ದರು, ಆಮೇಲೆ ಚುನಾವಣೆಯನ್ನೂ ಗೆದ್ದರು.

ರಂಗನಾಥ: ಭಲೆ! ದಾವೆಯ ಸಂಗತಿಯನ್ನು ಬಿಟ್ಟು ಚೆಂಡಿನ ಕಥೆ ಬರೆದ ಆ ಪುಣ್ಯಾತ್ಮ ಯಾರು?

ಸುಧಾ: ವೈಕಿಂಗ್ಸ್ ತಂಡದವರು ಹಾರ ಹಾಕಿ ಬೀಳ್ಕೊಟ್ಟಿರಬೇಕು.

ಅನಿರುದ್ಧ: ಹಾರವೇ ಅತ್ತೆ? ದೂರದ ಓಟದ ಹುಚ್ಚು ಹಿಡಿದು ಅವರ ತೂಕ ಇಳಿದಿತ್ತು. ಆ ಜಾಗಕ್ಕೆ ಹಗುರಾದರು ಎಂದು 1978ರ ಋತುವಿನ ನಡುವೆಯೇ ಕೈಬಿಟ್ಟರು. ಷಿಕಾಗೊ ಬೇರ್ಸ್ ತಂಡ ಬರೀ ನೂರು ಡಾಲರ್ ಕಟ್ಟಿ ಕರೆದುಕೊಂಡಿತು. ಅಲ್ಲಿ ಇನ್ನೂ ಮೂರು ವರ್ಷಕ್ಕೂ ಹೆಚ್ಚು ಕಾಲ ಎದುರಾಳಿಗಳನ್ನು ಕೆಡವಿದರು. ಓಟದ ಹುಚ್ಚು ಮಾತ್ರ ಹೋಗಲಿಲ್ಲ. ಇಲ್ಲಿನ ಮ್ಯಾರಥಾನ್ ದಿನ ರಸ್ತೆ ಬದಿಯಲ್ಲಿ ದೊಡ್ಡ ಹಿತ್ತಾಳೆ ವಾದ್ಯ ಹೊತ್ತು ಓಟಗಾರರಿಗಾಗಿ ಊದುತ್ತಿದ್ದರು. ಅವರ ಒಂದು ಕಿರುಬೆರಳು ಆಟದಲ್ಲಿ ಮುರಿದು ಮೂಲೆಮಟ್ಟದಂತೆ ಹೊರಕ್ಕೆ ಸೊಟ್ಟಗೆ ನಿಂತಿದೆ.

ರಂಗನಾಥ: ಅದೇ ಬೆರಳಿಟ್ಟುಕೊಂಡು ತೀರ್ಪು ಬರೆದರೇ?

ಅನಿರುದ್ಧ: 2015ರವರೆಗೆ. 70 ತುಂಬಿದ ಮೇಲೆ ನಿಯಮದಂತೆ ನಿವೃತ್ತಿ.

ರಂಗನಾಥ: ಪವನ್, ನೀನು ಕಾಲೇಜಿಗೆ ಸೇರಿ ಎಷ್ಟು ದಿನವಾಯಿತು?

ಪವನ್: ನಾಲ್ಕನೆಯ ವಾರ ಮಾವ.

ರಂಗನಾಥ: ಪೇಜ್‌ಗಿಂತ ಒಂದು ವಾರ ಮುಂದಿದ್ದೀಯ. ಸೋಮವಾರ ತರಗತಿಗೆ ಹೋಗು.