ಮಾಲವಣದ ನೀರೊಳಗಿನ ಫೋಟೊ: ನಡುವೆ ಮಂಜು, ಸುತ್ತ ಬಿಳಿ ಚುಕ್ಕೆ, ಎಲ್ಲಾ ಹಸಿರು

ಟಿಳಕವಾಡಿ, ಬೆಳಗಾವಿ:

ನಮಸ್ಕಾರ್ರಿ. ಹೋದ ಶನಿವಾರ ಮನೆಮಂದಿ ಎಲ್ಲಾ ಮಹಾರಾಷ್ಟ್ರದ ಕಡಲದಂಡಿ ಊರು ಮಾಲವಣಕ್ಕ ಹೋಗಿದ್ವಿ. ನಸುಕಿನಾಗ ಬೆಳಗಾವಿ ಬಿಟ್ಟು ಶಿನೋಳಿ, ಆಂಬೋಲಿ ಘಟ್ಟ, ಸಾವಂತವಾಡಿ ದಾಟಿ ದಂಡಿ ಮುಟ್ಟಿದ್ವಿ. ಸಿಂಧುದುರ್ಗ ಕೋಟೆ ಹತ್ರ ಬೋಟ್ ನಿಲ್ಲಿಸಿ ಸ್ನಾರ್ಕಲಿಂಗ್ (ಮುಖವಾಡ, ಉಸಿರಿನ ನಳಿಗಿ ಹಾಕ್ಕೊಂಡು ನೀರಿನ ಮ್ಯಾಲ ತೇಲಿ ಕೆಳಗ ನೋಡೋದು) ಮಾಡಸ್ತಾರ. ನನ್ನ ಕಡೆ ಒಂದು ಸಣ್ಣ ಕಾಂಪ್ಯಾಕ್ಟ್ ಕ್ಯಾಮೆರಾ, ಅದಕ್ಕ ಹೊಂದೋ ಪ್ಲಾಸ್ಟಿಕ್ ಹೌಸಿಂಗ್, ಅಂದ್ರ ನೀರು ಒಳಗ ಬರದಂಗ ಮುಚ್ಚೋ ಡಬ್ಬಿ, ಐತಿ. 40 ಮೀಟರ್ ಆಳದ ತನಕ ನಡೀತೈತಿ ಅಂತ ಅದರ ಮ್ಯಾಲೇ ಬರದಾರ. ನಾವು ಇಳಿದಿದ್ದು ಎರಡು ಮೀಟರ್ ನೀರಾಗ.

ಮೊದಲ ಹತ್ತು ನಿಮಿಷ ಏನೂ ತ್ರಾಸ ಇರಲಿಲ್ಲ. ಆಮ್ಯಾಲ ಫೋಟೊದ ನಟ್ಟನಡುವ ದುಂಡಗ ಮಂಜು ಬೀಳಾಕ ಹತ್ತಿತು. ಹೊರಗ ಒರಸಿದ್ರ ಹೋಗಲಿಲ್ಲ. ಎರಡನೇದ್ದು, ಎಲ್ಲಾ ಫೋಟೊದಾಗ ಬಿಳಿ ಚುಕ್ಕೆ, ಜಿಟಿಜಿಟಿ ಮಳಿ ಬಿದ್ದಂಗ. ಮೂರನೇದ್ದು, ಹಳದಿ ಮ್ಯಾಲ ಕರೀ ಪಟ್ಟಿ ಇರೋ ಮೀನು ಕಣ್ಣಿಗೆ ಎಷ್ಟು ಚಂದ ಕಂಡವು, ಫೋಟೊದಾಗ ಬರೇ ಹಸಿರು ನೀರು, ಬೂದಿ ಬಣ್ಣದ ಮೀನು. ಹೌಸಿಂಗ್ ಸೋರಾಕ ಹತ್ತೈತೇನು? ಕೆಂಪು ಫಿಲ್ಟರ್ ಹಾಕಿದ್ರ ಬಣ್ಣ ಬರ್ತಾವೇನು? ಮುಂದಿನ ತಿಂಗಳು ಮತ್ತ ಹೋಗೋದೈತಿ.

ನವನಗರ, ಬಾಗಲಕೋಟೆ:

ಮೊದಲು ಸೋರಿಕಿ ನೋಡ್ರಿ. ಕ್ಯಾಮೆರಾ ತಗದು ಇಟ್ಟು, ಖಾಲಿ ಹೌಸಿಂಗ್‌ನ್ಯಾಗ ಒಂದು ಒಣ ಟಿಶ್ಯೂ ಪೇಪರ್ ಹಾಕಿ ಮುಚ್ಚಿ, ಬಕೆಟ್ ನೀರಾಗ ಅರ್ಧ ತಾಸು ಮುಳುಗಿಸಿ ಇಡ್ರಿ. ಗುಂಡಿಗೋಳನ್ನೂ ಒತ್ತಿ ಒತ್ತಿ ಬಿಡ್ರಿ. ಪೇಪರ್ ಒಣಾ ಇದ್ರ ಹೌಸಿಂಗ್ ತಪ್ಪಲ್ಲ.

ಟಿಳಕವಾಡಿ, ಬೆಳಗಾವಿ:

ಮಾಡಿದೆ. ಪೇಪರ್ ಗರಿಗರಿ ಒಣಾ ಐತಿ. ಹಂಗಾದ್ರ ಆ ಮಂಜು ಎಲ್ಲಿಂದ ಬಂತು?

ಶಾಪೇಟಿ, ವಿಜಯಪುರ:

ಮಂಜು ನೀವೇ ಒಳಗ ತುಂಬಿ ಒಯ್ದೀರಿ. ಬೋಟಿನ್ಯಾಗ ಕೂತು ಹೌಸಿಂಗ್ ಮುಚ್ಚಿದ್ರಿ, ಹೌದಲ್ಲ? ದಂಡಿ ಮ್ಯಾಲಿನ ಗಾಳಿಯೊಳಗ ನೀರಿನಂಶ ಭಾಳ. ಆ ಗಾಳಿ ಒಳಗ ಸಿಕ್ಕಿಬಿತ್ತು. ಬಿಸಲಾಗ ಹೌಸಿಂಗ್ ಕಾಯ್ತು, ಕ್ಯಾಮೆರಾನೂ ಚಾಲೂ ಇದ್ದು ಬಿಸಿ ಆತು. ನೀರಿಗೆ ಇಳಿದ ಮ್ಯಾಲ ಲೆನ್ಸ್ ಮುಂದಿನ ಗಾಜು ಒಮ್ಮೆಲೇ ತಂಪಾತು. ಫ್ರಿಜ್‌ನಿಂದ ತಗದ ಚರಿಗಿ ಮ್ಯಾಲ ಹನಿ ಕಟ್ಟಿದಂಗ ಗಾಜಿನ ಒಳಮೈಗೆ ಹನಿ ಕಟ್ಟಿತು. ಅದು ಒಳಗ ಇರೋದು, ಹೊರಗ ಎಷ್ಟು ಒರಸಿದ್ರೂ ಹೋಗೂದಿಲ್ಲ.

ಇದಕ್ಕ ನಮ್ಮ ಊರಿನ ಮಂದಿಗೆ ಒಂದು ಅನುಕೂಲ ಅದ, ಕರಾವಳಿಯವರಿಗೆ ಅದು ಇಲ್ಲ. ಜನವರಿ, ಫೆಬ್ರವರಿಯಾಗ ನಮ್ಮ ಕಡೆ ಹವಾ ಒಣಾ ಇರ್ತದ, ತುಟಿ ಒಡೀತಾವ. ಆ ಗಾಳಿಯೊಳಗೇ ಹೌಸಿಂಗ್ ಮುಚ್ಚಿಬಿಡ್ರಿ. ಹಿಂದಿನ ರಾತ್ರಿ ಬ್ಯಾಟರಿ ಪೂರ್ತಿ ತುಂಬಿಸಿ, ಖಾಲಿ ಕಾರ್ಡ್ ಹಾಕಿ, ನೀರಿನಂಶ ಹೀರೋ ಸಿಲಿಕಾ ಜೆಲ್‌ನ ಎರಡು ಸಣ್ಣ ಪೊಟ್ಟಣ ಇಟ್ಟು ಮನಿಯಾಗೇ ಮುಚ್ಚಿ, ಫೋಟೊ ತಗದು ಮುಗಿಯೋ ತನಕ ತೆರೀಬ್ಯಾಡ್ರಿ. ಆಂಬೋಲಿ ಘಟ್ಟ ಇಳಿಯೋ ಮೊದಲೇ ಮುಚ್ಚಿರಬೇಕು, ಇಷ್ಟು ನೆನಪಿಡ್ರಿ. ಸಿಲಿಕಾ ಜೆಲ್ ಬದಲಿ ಅಕ್ಕಿ ಹಾಕಬ್ಯಾಡ್ರಿ. ಅಕ್ಕಿ ಹಿಟ್ಟಿನ ಪುಡಿ ಮುಚ್ಚಳದ ಸುತ್ತಿನ ರಬ್ಬರ್ ರಿಂಗ್ ಮ್ಯಾಲ ಕೂತ್ರ ಅಲ್ಲಿಂದಲೇ ನೀರು ಒಳಗ ಬರ್ತದ. ಮುಚ್ಚೋ ಮೊದಲು ರಿಂಗ್ ಮ್ಯಾಲ ಬೆರಳು ಆಡಿಸಿ ನೋಡ್ರಿ. ಒಂದು ಕೂದಲು ಸಾಕು ಕ್ಯಾಮೆರಾ ಹಾಳಾಗಲಿಕ್ಕೆ.

ಇನ್ನೊಂದು ಲಾಭನೂ ಅದ. ಬೆಳಗಾವಿ ಸಮುದ್ರ ಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಾಗ ಅದ. ಅಲ್ಲಿ ಮುಚ್ಚಿದ ಹೌಸಿಂಗ್ ಕೆಳಗ ಒಯ್ದ್ರ, ಹೊರಗಿನ ಗಾಳಿ ಒತ್ತಡ ಒಳಗಿನಕಿಂತ ಹೆಚ್ಚು. ಮುಚ್ಚಳ ತಾನೇ ಬಿಗಿಯಾಗಿ ಕೂಡ್ತದ. ಒಳಗ ಹೊರಗಿನ ಫರಕು ಮುಕ್ಕಾಲು ಮೀಟರ್‌ಗಿಂತ ಸ್ವಲ್ಪ ಹೆಚ್ಚು ನೀರಿನ ಒತ್ತಡದಷ್ಟು. ಆದ್ರ ವಾಪಸ್ ಬರುವಾಗ ಇದು ಉಲ್ಟಾ. ದಂಡಿ ಮ್ಯಾಲ ತೆರದು ಮತ್ತ ಬಿಗಿಯಾಗಿ ಮುಚ್ಚಿ ಘಟ್ಟ ಹತ್ತಿಸಬ್ಯಾಡ್ರಿ, ಒಳಗಿನ ಗಾಳಿ ರಿಂಗನ್ನ ಹೊರಗ ನೂಕ್ತದ. ಕೊಂಡಿ ಸಡಲ ಬಿಡ್ರಿ.

ಬೋಟಿನ್ಯಾಗ ಹೌಸಿಂಗ್ ಮ್ಯಾಲ ಒದ್ದಿ ಟವೆಲ್ ಹಾಕ್ರಿ. ನಡುನಡುವ ಕ್ಯಾಮೆರಾ ಆಫ್ ಮಾಡ್ರಿ.

ಬಿಳಿ ಚುಕ್ಕೆ ಬಗ್ಗೆ ಒಂದು ಕೇಳ್ತೀನಿ. ಗೈಡ್ ನೀರಿಗೆ ಬ್ರೆಡ್ ಹಾಕಿದ್ನೇನು?

ಟಿಳಕವಾಡಿ, ಬೆಳಗಾವಿ:

ಹೌದ್ರಿ! ಮಕ್ಕಳ ಕೈಯಾಗೂ ಒಂದೊಂದು ತುಂಡು ಕೊಟ್ಟ. ಮೀನು ಮುಕ್ಕರಿಸಿ ಬಂದವು.

ಶಾಪೇಟಿ, ವಿಜಯಪುರ:

ಆ ಚುಕ್ಕೆ ಬ್ರೆಡ್ಡಿನ ಪುಡಿ. ಫ್ಲ್ಯಾಶ್ ಆಟೋದಾಗ ಇತ್ತು. ಸಣ್ಣ ಕ್ಯಾಮೆರಾದ ಫ್ಲ್ಯಾಶ್ ಲೆನ್ಸ್ ಪಕ್ಕದಾಗೇ ಇರ್ತದ. ಅದರ ಬೆಳಕು ಎದುರಿನ ಪುಡಿಗೆ ಬಡಿದು ನೆಟ್ಟಗ ಲೆನ್ಸಿಗೇ ಬರ್ತದ. ರಾತ್ರಿ ಮಂಜಿನ್ಯಾಗ ಗಾಡಿಯ ಹೈಬೀಮ್ ಹಾಕಿದ್ರ ಕಣ್ಣಿಗೆ ಹೊಡಿಯೋದು ಇದೇ ಕಾರಣಕ್ಕ. ಫ್ಲ್ಯಾಶ್ ಬಂದ್ ಮಾಡ್ರಿ. ಎರಡು ಮೀಟರ್ ನೀರಾಗ ಬಿಸಿಲೇ ಸಾಕು, ಸೂರ್ಯ ನಿಮ್ಮ ಬೆನ್ನಿಗಿರಲಿ.

ಬ್ರೆಡ್ಡನ್ನೂ ಬ್ಯಾಡ ಅನ್ರಿ, ದಯಮಾಡಿ. ಇದನ್ನ ಫೋಟೊ ಸಲುವಾಗಿ ಅಷ್ಟೇ ಹೇಳೂದಿಲ್ಲ. ಮಾಲವಣದ ಆ ಕಡಲು 1987ರಿಂದ ಅಭಯಾರಣ್ಯ, ಸುಮಾರು 29 ಚದರ ಕಿಲೋಮೀಟರ್. ಪಟ್ಟಿ ಮೀನು ಬಂಡೆಗಲ್ಲಿನ ಮ್ಯಾಲಿನ ಪಾಚಿ, ನೀರಾಗ ತೇಲೋ ಸಣ್ಣ ಜೀವಿ ತಿಂದು ಬದುಕೋವು. ದಿನಾ ಬ್ರೆಡ್ ಬಿದ್ದ್ರ ಬ್ರೆಡ್ಡಿಗೆ ಮುಗಿಬೀಳೋ ಜಾತಿಯಷ್ಟೇ ಅಲ್ಲಿ ಗದ್ದಲ ಹಾಕ್ತಾವ, ನಾಚಿಕೆಯ ಮೀನು ಸಂದಿ ಬಿಟ್ಟು ಹೊರಗ ಬರೂದಿಲ್ಲ. ನನಗ ಇದು ಭಾಳ ಸಂಕಟ ಆಗ್ತದ. ನಾವು ನೋಡಲಿಕ್ಕೆ ಹೋಗೋದೇ ಅವನ್ನ.

ಕಾಲಿನ ಬಗ್ಗೆನೂ ಹೇಳಬೇಕು. ನಮ್ಮ ಕಡೆ ಬೆನ್ನಿಗೆ ಬೆಂಡು ಕಟ್ಕೊಂಡು ಬಾವ್ಯಾಗ ಈಸು ಕಲಿತವರು ಜೋರಾಗಿ ಕಾಲು ಬಡೀತೀವಿ. ಬಾವ್ಯಾಗ ಅದು ನಡೀತದ. ಹವಳದ ಮ್ಯಾಲ ಕಾಲು ಇಳಿಬಿಟ್ಟು ಬಡದ್ರ ತಳದ ಉಸುಕು ಎದ್ದು ನೀರೇ ರಾಡಿ ಆಗ್ತದ, ಹವಳನೂ ಮುರೀತದ. ಅದು ಕಲ್ಲಲ್ಲ, ಜೀವಂತ ವಸ್ತು. ಗಟ್ಟಿ ಹವಳಕ್ಕ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಅದ, ಮುರದ ತುಂಡು ಮನಿಗೆ ತಂದ್ರೂ ಅಪರಾಧ. ಅಂಗಾತ ಮಲಗಿದ್ದವ ಬೋರಲಾದಂಗ ನೀರಿನ ಮ್ಯಾಲ ಚಪ್ಪಟೆಯಾಗಿ ಇರ್ರಿ. ಉಪ್ಪುನೀರು ಬಾವಿ ನೀರಿಗಿಂತ ಭಾರ, ಲೈಫ್ ಜಾಕೆಟ್ಟೂ ಇರ್ತದ, ಮುಳುಗೂದಿಲ್ಲ.

ಬಣ್ಣ. ನೀರು ಬೆಳಕಿನ ಕೆಂಪನ್ನ ಮೊದಲು ನುಂಗ್ತದ. ಐದು ಮೀಟರ್ ದಾಟೂದ್ರಾಗ ಹೆಚ್ಚುಕಡಿಮಿ ಖಾಲಿ. ಆ ಐದು ಮೀಟರ್ ಅಂದ್ರ ಆಳ ಅಷ್ಟೇ ಅಲ್ಲ. ಮೀನು ಎರಡು ಮೀಟರ್ ಕೆಳಗ, ನೀವು ಅದರಿಂದ ಮೂರು ಮೀಟರ್ ದೂರ ಇದ್ರ, ಬೆಳಕು ನಿಮ್ಮ ಲೆನ್ಸ್ ಮುಟ್ಟೂದ್ರಾಗ ಐದು ಮೀಟರ್ ನೀರು ದಾಟಿರ್ತದ. ಅದಕ್ಕೇ ಮೀನು ಬೂದಿ. ಮ್ಯಾಲ ಕಣ್ಣಿನ ಮೋಸ ಬ್ಯಾರೆ: ಮುಖವಾಡದ ಗಾಜಿನಿಂದ ನೋಡಿದಾಗ ಒಂದು ಮೀಟರ್ ದೂರದ ಮೀನು ಮುಕ್ಕಾಲು ಮೀಟರ್‌ದಾಗೇ ಕಾಣ್ತದ. ಹತ್ರ ಅದ ಅಂತ ಒತ್ತಿಬಿಡ್ತೀವಿ. ಝೂಮ್ ಮುಟ್ಟಬ್ಯಾಡ್ರಿ, ಮೀನು ಒಂದು ಮೀಟರ್ ಒಳಗ ಬರೋ ತನಕ ತಡೀರಿ.

ಕೆಂಪು ಫಿಲ್ಟರ್ ಬ್ಯಾಡ. ಅದು ನೀಲಿ ನೀರಿಗೆ, ಮೂರು ಮೀಟರ್‌ಗಿಂತ ಕೆಳಗ ಇಳಿಯೋರಿಗೆ. ಹಸಿರು ನೀರಿಗೆ ಕೆನ್ನೇರಳೆ ಫಿಲ್ಟರ್ ಹೊಂದ್ತದ, ಆದ್ರ ನಿಮ್ಮ ಆಳಕ್ಕ ಅದೂ ಬೇಕಿಲ್ಲ. ಕ್ಯಾಮೆರಾದಾಗ ರಾ ಫೈಲ್ (ಆಮ್ಯಾಲ ಬಣ್ಣ ತಿದ್ದಲಿಕ್ಕೆ ಬರೋ ಕಚ್ಚಾ ಫೋಟೊ) ಇದ್ರ ರಾ ಇಡ್ರಿ. ಇಲ್ಲಂದ್ರ ಒಂದು ಬಿಳಿ ಪ್ಲಾಸ್ಟಿಕ್ ತುಂಡು ಕೈಗೆ ಕಟ್ಕೊಂಡು ಹೋಗಿ, ನೀರೊಳಗೇ ಅದನ್ನ ತೋರಿಸಿ ವೈಟ್ ಬ್ಯಾಲೆನ್ಸ್ ಕೂಡಿಸ್ರಿ, ಅಂದ್ರ ಬಿಳಿ ಯಾವುದು ಅಂತ ಕ್ಯಾಮೆರಾಕ್ಕ ತಿಳಿಸ್ರಿ.

ಟಿಳಕವಾಡಿ, ಬೆಳಗಾವಿ:

ಹೋಗಿ ಬಂದೆ. ರಾತ್ರಿ ಮನಿಯಾಗೇ ಮುಚ್ಚಿದ್ದೆ. ನಲವತ್ತು ನಿಮಿಷ ನೀರಾಗಿದ್ದೆ, ಗಾಜು ಸ್ವಚ್ಛ. ಬ್ರೆಡ್ ಬ್ಯಾಡ ಅಂದಿದ್ದಕ್ಕ ಗೈಡ್ ಮೀನು ಬರೂದಿಲ್ಲ ನೋಡ್ರಿ ಅಂದ. ಕಾಲು ಆಡಿಸದ ಬೋರಲಾಗಿ ಬಿದ್ದಿದ್ದೆ. ಸ್ವಲ್ಪ ಹೊತ್ತಿಗೆ ಬಂಡೆಗಲ್ಲಿನ ಸಂದ್ಯಾಗಿಂದ ಒಂದು ಪಟ್ಟಿ ಮೀನು ಬಂತು, ಆಮ್ಯಾಲ ನಾಕು. ಒಂದು ಫೋಟೊದಾಗ ಬೆನ್ನಿನ ಹಳದಿ ಹಂಗೇ ಐತಿ, ಐದೂ ಪಟ್ಟಿ ಎಣಸಬಹುದು.

ಈಗ ಒಂದೇ ತೊಂದರೆ: ಶಟರ್ ಗುಂಡಿ ಒತ್ತಿದ್ರ ಒಳಗೇ ಕೂಡತೈತಿ, ಮ್ಯಾಲ ಬರವಲ್ದು.

ನವನಗರ, ಬಾಗಲಕೋಟೆ:

ಉಪ್ಪು ಹೆಪ್ಪುಗಟ್ಟೈತಿ. ಎಣ್ಣಿ ಬಿಡಬ್ಯಾಡ್ರಿ. ಕ್ಯಾಮೆರಾ ತಗದು, ಹೌಸಿಂಗ್ ಮುಚ್ಚಿ, ಉಗುರುಬೆಚ್ಚಗಿನ ಸಿಹಿನೀರಾಗ ಒಂದು ತಾಸು ನೆನಸಿ, ನೀರೊಳಗೇ ಗುಂಡಿ ಒತ್ತಿ ಒತ್ತಿ ಬಿಡ್ರಿ. ಮುಂದಿನ ಸಲ ದಂಡಿ ಮ್ಯಾಲೇ ಬಾಟಲಿ ನೀರು ಸುರುವಿ, ಮನಿ ಮುಟ್ಟೋ ತನಕ ಒದ್ದಿ ಅರಿವ್ಯಾಗ ಸುತ್ತಿ ಇಡ್ರಿ. ಒಣಗಿದ ಮ್ಯಾಲೇ ಉಪ್ಪು ಹರಳಾಗೋದು.