ಡಯಾಲಿಸಿಸ್ ಮಷೀನ್ ನಿಂತರೆ ಯಾರನ್ನು ಕೇಳಬೇಕು?

ಭಾಂಡುಪ್‌ನವ:
ನಮಸ್ಕಾರ. ನಮ್ಮಣ್ಣನಿಗೆ ವಾರಕ್ಕೆ 3 ಸಲ ಡಯಾಲಿಸಿಸ್. ಮುಂಬೈ ಪಾಲಿಕೆ ಕಟ್ಟಡದಲ್ಲಿರುವ ಒಂದು ಸೆಂಟರ್‌ಗೆ ಕರೆದುಕೊಂಡು ಹೋಗುತ್ತೇನೆ. ಯಾವುದು ಅಂತ ಹೇಳಲ್ಲ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕಲ್ವಾ. ಜಾಗ ಪಾಲಿಕೆಯದು, ಮಷೀನು, ಸ್ಟಾಫು ಕಂಪನಿಯದು. ಪಿಪಿಪಿ, ಅಂದರೆ ಸರ್ಕಾರಿ-ಖಾಸಗಿ ಪಾಲುದಾರಿಕೆ ಅಂತಾರೆ.

ಇರುವ 10 ಮಷೀನಿನಲ್ಲಿ 4ಕ್ಕೆ ದೀಪಾವಳಿಯಿಂದ ಬೆಡ್‌ಶೀಟ್ ಹೊದಿಸಿಟ್ಟಿದ್ದಾರೆ. ಅಣ್ಣನ ಬೆಳಗಿನ 6ರ ಸರದಿ ರಾತ್ರಿ 9ಕ್ಕೆ ಹೋಯಿತು. ಮುಗಿಸಿ ಹೊರಗೆ ಬರುವಾಗ ಒಂದೂವರೆ, ಕೊನೆಯ ಲೋಕಲ್ ಹೋಗಿರುತ್ತದೆ.

ಮ್ಯಾನೇಜರನ್ನು ಕೇಳಿದರೆ, 'ನೀರು ಸರಿಯಿಲ್ಲ, ನೀರು ಶುದ್ಧ ಮಾಡುವ ಆರ್‌ಓ ಪ್ಲಾಂಟ್ ಕೆಟ್ಟಿದೆ, ಪಾಲಿಕೆಗೆ ಹೇಳಿ'. ವಾರ್ಡ್ ಆಫೀಸಿಗೆ ಹೋದರೆ, 'ಆರ್‌ಓ ಕಂಪನಿಯದು'. ದೂರಿನ ಪುಸ್ತಕ ಕೇಳಿದೆ, ಕೊಟ್ಟರು. ಕೊನೆಯ ದೂರು 2 ವರ್ಷ ಹಿಂದಿನದು. ಬರೆದವನು ನಾನೇ.

ಮಾಟುಂಗಾ ಹಳಬ:
ಬೇರೊಂದು ಊರಿನ ಪಾಲಿಕೆಯ ಲೆಕ್ಕ ವಿಭಾಗದಲ್ಲಿ ಇದ್ದು ರಿಟೈರ್ ಆದವನು ನಾನು. 2016ರಲ್ಲಿ ಕೇಂದ್ರದ ಡಯಾಲಿಸಿಸ್ ಯೋಜನೆ ಬಂದಾಗ ಜಾಗ, ಕರೆಂಟು, ನೀರು ಸರ್ಕಾರದ ಪಾಲಿಗೆ ಇತ್ತು. ಮಷೀನು, ಆರ್‌ಓ, ರಕ್ತ ಸೋಸುವ ಡಯಲೈಸರ್, ಸಿಬ್ಬಂದಿ ಖಾಸಗಿಯವರ ಪಾಲಿಗೆ. ನಿಮ್ಮ ಸೆಂಟರಿನ ಒಪ್ಪಂದ ಬೇರೆ ಥರ ಇರಬಹುದು. ಹಾಗಾಗಿ ಆ ಕಾಗದ ಕೈಗೆ ಬರಲೇಬೇಕು.

ಪಾಲಿಕೆಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. 10 ರೂಪಾಯಿ ಫೀಸು, 30 ದಿನದಲ್ಲಿ ಉತ್ತರ. ಕನ್ನಡದಲ್ಲಿ ಬರೆದರೆ ಇಲ್ಲಿ ನಡೆಯಲ್ಲ, ಮರಾಠಿ, ಹಿಂದಿ ಇಲ್ಲವೇ ಇಂಗ್ಲಿಷ್. ಒಪ್ಪಂದದ ಪ್ರತಿ ಒಂದನ್ನೇ ಕೇಳಿ ಸುಮ್ಮನಾಗಬೇಡಿ. ದೀಪಾವಳಿಯಿಂದ ಈಚೆಗೆ ಪಾಸಾದ ಬಿಲ್ಲುಗಳನ್ನೂ ಕೇಳಿ. ಮಷೀನ್ ನಿಂತರೆ ದಂಡ ಅಂತ ಒಪ್ಪಂದದಲ್ಲಿದ್ದು, ಬಿಲ್ಲಿನಲ್ಲಿ ಕಡಿತ ಸೊನ್ನೆ ಇದ್ದರೆ, ಆ ಬಿಲ್ಲಿಗೆ ಸಹಿ ಹಾಕಿದವರನ್ನು ಹಿಡಿಯಬಹುದು. ನಾನು ನೋಡಿದ ಫೈಲುಗಳಲ್ಲಿ ದಂಡ ಕಾಗದದಲ್ಲೇ ಉಳಿಯುತ್ತಿತ್ತು. ಮಷೀನ್ ಎಷ್ಟು ದಿನ ನಿಂತಿತ್ತು ಅಂತ ಬರೆದು ಕೊಡುವವರು ಕಂಪನಿಯವರೇ, ಇನ್ನೇನಾಗುತ್ತೆ!

ಠಾಣೆ ಟೆಕ್ನಿಷಿಯನ್:
ಮಾಮಾ, ಎಲ್ಲಾ ಕಂಪನಿ ತಲೆಗೇ ಕಟ್ಟಬೇಡಿ. ನಾನು ಇಂಥದ್ದೇ ಇನ್ನೊಂದು ಸೆಂಟರ್‌ನಲ್ಲಿ ಇದ್ದೆ. ನಿಮಿಷಕ್ಕೆ ಅರ್ಧ ಲೀಟರ್ ಲೆಕ್ಕದಲ್ಲಿ 4 ಗಂಟೆಗೆ ಒಬ್ಬರಿಗೇ 120 ಲೀಟರ್ ಶುದ್ಧ ನೀರು ಬೇಕು. ಅದರ ಮೇಲೆ ಆರ್‌ಓ ಹೊರಗೆ ಚೆಲ್ಲುವ ನೀರು ಬೇರೆ. ನಲ್ಲಿ ನೀರು ಸಾಲದೆ ಟ್ಯಾಂಕರ್ ತರಿಸುತ್ತಿದ್ದೆವು. ಪಾಲಿಕೆ ಬಿಲ್ 5 ತಿಂಗಳು ಬಾಕಿ, ನಮಗೆ ಸಂಬಳವೂ ತಡ.

ಒಂದು ಮಾತು. ಆರ್‌ಓಗೆ ಲಾಗ್‌ಬುಕ್ ಇರುತ್ತದೆ. ಒತ್ತಡ ಎಷ್ಟು, ನೀರು ಹೇಗಿದೆ ಅಂತ ನಾವು ದಿನಾ ಬೆಳಿಗ್ಗೆ ಬರೆಯುತ್ತಿದ್ದೆವು. ಅದನ್ನೂ ಕೇಳಿ. ನೀರಿನ ತಪ್ಪೋ ಪ್ಲಾಂಟಿನ ತಪ್ಪೋ ಅಲ್ಲಿ ಗೊತ್ತಾಗುತ್ತದೆ.

ಭಾಂಡುಪ್‌ನವ:
ವ್ಯಾಪಾರದ ಗುಟ್ಟು, ಕೊಡಲ್ಲ ಅಂದರೆ?

ಮಾಟುಂಗಾ ಹಳಬ:
ಅನ್ನಬಹುದು, ಆರ್‌ಟಿಐ ಕಾಯ್ದೆಯ 8(1)(ಡಿ) ಕಲಮು ತೋರಿಸುತ್ತಾರೆ. ಜನಹಿತ ಅದಕ್ಕಿಂತ ದೊಡ್ಡದಾದರೆ ಕೊಡಬೇಕು ಅಂತಲೂ ಅದೇ ಕಲಮಿನಲ್ಲಿದೆ ಸರ್, ಮೇಲ್ಮನವಿಯಲ್ಲಿ ಅದನ್ನು ಬರೆಯಿರಿ. ಇನ್ನೊಂದು ವಿಷಯ. 2019ರಲ್ಲಿ ಡಿಎವಿ ಕಾಲೇಜ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಗರದಲ್ಲಿ ಆಸ್ಪತ್ರೆಗೋ ಶಾಲೆಗೋ ಪುಕ್ಕಟೆ ಜಮೀನು ಕೊಟ್ಟರೆ ಅದೂ ಸರ್ಕಾರ ದೊಡ್ಡ ಮೊತ್ತದ ಹಣ ಕೊಟ್ಟ ಹಾಗೆ ಆಗಬಹುದು ಎಂದಿದೆ. ಆದರೆ ನಿಮಗೆ ಆ ತೀರ್ಪು ಹಿಡಿದು ಕಂಪನಿಗೇ ಆರ್‌ಟಿಐ ಹಾಕುವಷ್ಟು ದೂರ ಹೋಗುವ ಕೆಲಸವಿಲ್ಲ. ಬಿಲ್ಲು ಪಾಲಿಕೆಯ ಫೈಲಿನಲ್ಲೇ ಇದೆ.

ಭಾಂಡುಪ್‌ನವ:
ಅರ್ಜಿಯನ್ನು ಮಗಳು ಮರಾಠಿಯಲ್ಲಿ ಬರೆಯುತ್ತಿದ್ದಾಳೆ. ನಾನು ಡೈರಿಯಲ್ಲಿ ಬೆಡ್‌ಶೀಟ್ ಎಣಿಸಲು ಶುರು ಮಾಡಿದ್ದೇನೆ. ಸೋಮವಾರ 4, ಬುಧವಾರ 4, ನಿನ್ನೆ 5. ಐದನೆಯದು ಬುಧವಾರ ಅಣ್ಣನಿಗೆ ಹಾಕಿದ್ದ ಮಷೀನು.