ಮ್ಯಾಚ್‌ಬಾಕ್ಸ್ ಕಾರುಗಳು: ಹೆಸರು ಒಂದೇ, ತಳದಲ್ಲಿ ಮೂರು ಊರು. ಯಾವುದು ಯಾವ ಕಾಲದ್ದು?

ಧೂಳುಪೆಟ್ಟಿಗೆ ಕೇಳಿದ್ದಾರೆ:

ಹಿರಿಯರೊಬ್ಬರು ಬಹಳ ವರ್ಷಗಳಿಂದ ಜೋಪಾನ ಮಾಡಿಕೊಂಡು ಬಂದಿದ್ದ ಆಟಿಕೆ ಕಾರುಗಳ ಪೆಟ್ಟಿಗೆಯೊಂದು ಈಚೆಗೆ ನನ್ನ ಕೈಸೇರಿದೆ. ಒಟ್ಟು 23 ಬಂಡಿಗಳಿದ್ದು, ಎಲ್ಲದರ ಮೇಲೂ ಮ್ಯಾಚ್‌ಬಾಕ್ಸ್ ಎಂಬ ಹೆಸರಿದೆ. ಆದರೆ ಮಗುಚಿ ನೋಡಿದರೆ ಕೆಲವುದರ ತಳದಲ್ಲಿ ‘ಲೆಸ್ನಿ, ಇಂಗ್ಲೆಂಡ್’ ಎಂದೂ, ಕೆಲವುದರಲ್ಲಿ ‘ಮಕಾವ್’ ಎಂದೂ, ಉಳಿದವುಗಳಲ್ಲಿ ‘ಚೀನಾ’ ಎಂದೂ ಅಚ್ಚಾಗಿದೆ. ಇವೆಲ್ಲವೂ ಒಂದೇ ಕಂಪನಿಯವೇ?

ಇನ್ನೊಂದು ಗೊಂದಲವೂ ಇದೆ. ಪೆಟ್ಟಿಗೆಯಲ್ಲಿ ಎರಡು ಲ್ಯಾಂಬೋರ್ಗಿನಿ ಮಿಯುರಾ ಕಾರುಗಳಿವೆ, ಒಂದು ಹಳದಿ, ಇನ್ನೊಂದು ಕಂಚಿನ ಬಣ್ಣದ್ದು. ಮೈಕಟ್ಟು ಒಂದೇ, ಬಾಗಿಲು ತೆರೆಯುವ ರೀತಿಯೂ ಒಂದೇ. ಆದರೆ ಹಳದಿಯದರ ಆಕ್ಸಲ್ (ಚಕ್ರಗಳನ್ನು ಜೋಡಿಸುವ ಕಡ್ಡಿ) ದಪ್ಪ, ಕಂಚಿನದರದು ಸೂಜಿಯಷ್ಟು ಸಣ್ಣ. ಎರಡರ ಸಂಖ್ಯೆಯೂ 33. ಇದೇ 33 ಒಂದು ಪೊಲೀಸ್ ಮೋಟಾರ್ ಸೈಕಲ್ಲಿನ ಮೇಲೂ ಇದೆ, ಅದರ ತಳದಲ್ಲಿ 1977 ಎಂಬ ಇಸವಿಯೂ ಇದೆ. ಇಸವಿಯನ್ನು ತಯಾರಾದ ವರ್ಷವೆಂದೇ ತಿಳಿಯಬೇಕೇ? ಕೊನೆಯದಾಗಿ, ಬಿಪಿ ಎಂದು ಬರೆದಿರುವ, ಕೆಟ್ಟ ವಾಹನಗಳನ್ನು ಎಳೆದೊಯ್ಯುವ ಡಾಡ್ಜ್ ಟ್ರಕ್ ಒಂದಿದೆ. ಮುಂಭಾಗ ಹಸಿರು, ಹಿಂಭಾಗ ಹಳದಿ. ಇದು ಅಪರೂಪದ್ದೆಂದು ಒಬ್ಬರು ಹೇಳಿದರು. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಸತುಬಂಡಿ ಉತ್ತರಿಸಿದ್ದಾರೆ:

ಹೆಸರು ಒಂದೇ ಆದರೂ ಒಡೆಯರು ಒಬ್ಬರಲ್ಲ. ತಳದ ಅಕ್ಷರಗಳಲ್ಲಿ ತಾವು ಕಂಡಿದ್ದು ಈ ಕೈಬದಲಾವಣೆಯನ್ನೇ.

ಲೆಸ್ನಿ ಪ್ರಾಡಕ್ಟ್ಸ್ ಎಂಬ ಕಂಪನಿ ಲಂಡನ್ನಿನಲ್ಲಿ 1947ರ ಜನವರಿಯಲ್ಲಿ ಆರಂಭವಾಯಿತು. ಲೆಸ್ಲಿ ಸ್ಮಿತ್ ಮತ್ತು ರಾಡ್ನಿ ಸ್ಮಿತ್ ಎಂಬಿಬ್ಬರು ಶಾಲಾ ಗೆಳೆಯರು (ಅಡ್ಡಹೆಸರು ಒಂದೇ, ನಂಟಸ್ತಿಕೆ ಇಲ್ಲ) ನೌಕಾಪಡೆಯಿಂದ ಹಿಂದಿರುಗಿದ ಮೇಲೆ ತಮ್ಮ ಹೆಸರುಗಳ ತುಂಡುಗಳನ್ನು ಕೂಡಿಸಿ ಈ ಹೆಸರನ್ನಿಟ್ಟರು. ಅವರ ಮೊದಲ ಕಾರ್ಖಾನೆ ರೈಫಲ್‌ಮನ್ ಎಂಬ ಪಾಳುಬಿದ್ದ ಮದ್ಯದಂಗಡಿ. ಕೆಲಸವಾದರೂ ಆಟಿಕೆಯದಲ್ಲ, ಬೇರೆ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳನ್ನು ಎರಕ ಹೊಯ್ದು ಕೊಡುವುದು. ವರ್ಷದ ಕೊನೆಯಲ್ಲಿ ತೆರಿಗೆ ಲೆಕ್ಕಕ್ಕೆ ದಾಸ್ತಾನು ಕಡಿಮೆ ತೋರಿಸಬೇಕೆಂದು ಗಿರಾಕಿಗಳು ಬೇಡಿಕೆಯನ್ನು ತಗ್ಗಿಸುತ್ತಿದ್ದುದರಿಂದ, ಆ ಬಿಡುವಿನಲ್ಲಿ ಯಂತ್ರಗಳು ಸುಮ್ಮನಿರಬಾರದೆಂದು 1948ರಲ್ಲಿ ರಸ್ತೆ ಒತ್ತುವ ರೋಲರ್ ಒಂದನ್ನು ಆಟಿಕೆಯಾಗಿ ಮಾಡಿದರು. ಎರಕದ ಕೆಲಸ ಬಲ್ಲ ಜ್ಯಾಕ್ ಓಡೆಲ್ ಅಷ್ಟರಲ್ಲಿ ಜೊತೆಗೂಡಿದ್ದರು. ರಾಡ್ನಿ ಸ್ಮಿತ್ 1951ರಲ್ಲಿಯೇ ಪಾಲು ಬಿಟ್ಟು ಹೊರಟರು. ಮ್ಯಾಚ್‌ಬಾಕ್ಸ್ ಹುಟ್ಟುವ ಹೊತ್ತಿಗೆ ಅವರ ಹೆಸರಿನ ಕೊನೆಯ ತುಂಡು ಮಾತ್ರ ಕಂಪನಿಯಲ್ಲಿ ಉಳಿದಿತ್ತು.

ಅದೃಷ್ಟ ತಿರುಗಿಸಿದ್ದು ಕಾರಲ್ಲ, ಕುದುರೆ ಸಾರೋಟು. ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ 1953ರಲ್ಲಿ ನಡೆದಾಗ ಲೆಸ್ನಿ ಹೊರತಂದ ಪುಟ್ಟ ಸಾರೋಟು ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಅದರ ದೊಡ್ಡ ರೂಪದ ಅಚ್ಚನ್ನು ಆರನೆಯ ಜಾರ್ಜ್ ಬದುಕಿದ್ದಾಗಲೇ ಸಿದ್ಧಮಾಡಿದ್ದರು. ಅವನು 1952ರಲ್ಲಿ ತೀರಿಕೊಂಡ ಮೇಲೆ ಒಳಗಿದ್ದ ರಾಜನ ಆಕೃತಿಯನ್ನು ಅಚ್ಚಿನಿಂದ ತೆಗೆದುಹಾಕಬೇಕಾಯಿತು.

ಓಡೆಲ್ ಅವರ ಮಗಳ ಕಥೆಯನ್ನು ತಾವು ಕೇಳಿರಬಹುದು. ಬೆಂಕಿಪೊಟ್ಟಣದೊಳಗೆ ಹಿಡಿಸುವಷ್ಟು ಚಿಕ್ಕ ಆಟಿಕೆಯನ್ನು ಮಾತ್ರ ತರಬಹುದೆಂದು ಅವಳ ಶಾಲೆಯಲ್ಲಿ ನಿಯಮವಿತ್ತು. ತಂದೆ ಅದೇ ರೋಲರನ್ನು ಹಿತ್ತಾಳೆಯಲ್ಲಿ ಪುಟ್ಟದಾಗಿ ಮಾಡಿ ಪೊಟ್ಟಣದಲ್ಲಿಟ್ಟು ಕಳುಹಿಸಿದರು, ಉಳಿದ ಮಕ್ಕಳೂ ಅದನ್ನೇ ಬೇಡಿದರು. 1953ರಲ್ಲಿ ರೋಲರ್, ಮಣ್ಣು ಸುರಿಯುವ ಡಂಪರ್ ಮತ್ತು ಸಿಮೆಂಟ್ ಮಿಕ್ಸರ್, ಈ ಕ್ರಮದಲ್ಲಿ 1, 2, 3 ಸಂಖ್ಯೆಗಳೊಂದಿಗೆ ಮಾರುಕಟ್ಟೆಗೆ ಬಂದವು. ಮೊದಲ ಮೂರರಲ್ಲಿ ಒಂದೂ ಕಾರಿಲ್ಲ ಎಂಬುದನ್ನು ಗಮನಿಸಿ. ಆ ಕಾಲದ ಪೊಟ್ಟಣಗಳ ಮೇಲೆ ಕಾಣುವ ‘ಮೋಕೊ’ ಎಂಬ ಹೆಸರು ವಿತರಕರದು.

ಲೆಸ್ನಿ 1982ರ ಜೂನ್‌ನಲ್ಲಿ ದಿವಾಳಿಯಾಯಿತು. ಹೆಸರನ್ನೂ ಅಚ್ಚುಗಳನ್ನೂ ಯೂನಿವರ್ಸಲ್ ಎಂಬ ಕಂಪನಿ ಕೊಂಡು, ತಯಾರಿಕೆಯನ್ನು ಮಕಾವ್‌ಗೂ ಅನಂತರ ಚೀನಾಕ್ಕೂ ಸಾಗಿಸಿತು. ಹೆಸರು 1992ರಲ್ಲಿ ಟೈಕೊ ಕಂಪನಿಯ, 1997ರಲ್ಲಿ ಮ್ಯಾಟೆಲ್ ಕಂಪನಿಯ ಕೈಸೇರಿತು. ಒಟ್ಟಿನಲ್ಲಿ ಇಂಗ್ಲೆಂಡ್ ಎಂದಿರುವುದು ಲೆಸ್ನಿ ಕಾಲದ್ದು, ಮಕಾವ್ ಎಂದಿರುವುದು ಯೂನಿವರ್ಸಲ್ ಕಾಲದ್ದು. ಚೀನಾ ಎಂದಿದ್ದರೆ ಯೂನಿವರ್ಸಲ್, ಟೈಕೊ, ಮ್ಯಾಟೆಲ್ ಈ ಮೂವರಲ್ಲಿ ಯಾರ ಕಾಲದ್ದೂ ಆಗಿರಬಹುದು, ಹಕ್ಕುದಾರರ ಹೆಸರನ್ನು ಓದಿಕೊಳ್ಳಬೇಕು.

ಮೂವತ್ತಮೂರನೆಯವನು ಉತ್ತರಿಸಿದ್ದಾರೆ:

ನನ್ನ ಹೆಸರು ನೋಡಿದರೆ ಸಾಕು, 33ರ ಪ್ರಶ್ನೆಗೆ ಉತ್ತರಿಸದೆ ಇರಲಾರೆ ಎಂಬುದು ತಿಳಿಯುತ್ತದೆ.

ಮುಖ್ಯ ಸಾಲಿನಲ್ಲಿ 75 ಬಂಡಿಗಳು ಮಾತ್ರ ಇರಬೇಕೆಂದು ಲೆಸ್ನಿ ನಿಶ್ಚಯಿಸಿತ್ತು. ಆದ್ದರಿಂದ ಹೊಸದೊಂದು ಒಳಬರಬೇಕಾದರೆ ಹಳೆಯದೊಂದು ಜಾಗ ಬಿಡಬೇಕು, ಬಿಟ್ಟವನ ಸಂಖ್ಯೆ ಬಂದವನಿಗೆ. 33ನೆಯ ಪೀಠದಲ್ಲಿ ಮೊದಲು ಕುಳಿತದ್ದು ಫೋರ್ಡ್ ಜೋಡಿಯಾಕ್, ಆಮೇಲೆ ಫೋರ್ಡ್ ಜೆಫಿರ್, 1969ರಲ್ಲಿ ತಮ್ಮ ಮಿಯುರಾ, 1973ರಲ್ಲಿ ಡಾಟ್ಸನ್ 126ಎಕ್ಸ್, 1977ರಲ್ಲಿ ಆ ಪೊಲೀಸ್ ಮೋಟಾರ್ ಸೈಕಲ್. ಸಂಗ್ರಾಹಕರು 33ಎ, 33ಬಿ ಎಂದು ಅಕ್ಷರ ಸೇರಿಸಿ ಹೇಳುವುದು ಈ ಕಾರಣಕ್ಕೆ. ಅಮೆರಿಕಕ್ಕೆ ಒಂದು, ಉಳಿದ ದೇಶಗಳಿಗೆ ಇನ್ನೊಂದು ಎಂದು 1980ರ ದಶಕದಲ್ಲಿ ಸಂಖ್ಯೆಗಳನ್ನು ಬೇರೆ ಮಾಡಿದ ಮೇಲೆ ಈ ಲೆಕ್ಕಾಚಾರ ತಲೆನೋವಿನದಾಗುತ್ತದೆ.

ಇಸವಿಯ ಬಗ್ಗೆ ಎಚ್ಚರಿಕೆ ಬೇಕು. ತಳದಲ್ಲಿರುವುದು ಆ ಅಚ್ಚಿನ ವಿನ್ಯಾಸದ ಹಕ್ಕು ದಾಖಲಾದ ವರ್ಷ. ಅಚ್ಚು ಸವೆಯುವವರೆಗೆ, ಕೆಲವೊಮ್ಮೆ ಒಡೆಯರೇ ಬದಲಾದ ಮೇಲೆಯೂ, ಅದೇ ಇಸವಿಯನ್ನು ಹೊತ್ತು ಬಂಡಿಗಳು ಹೊರಬರುತ್ತಲೇ ಇರುತ್ತವೆ.

ಇನ್ನು ಎರಡು ಮಿಯುರಾಗಳು. ತಮ್ಮ ಪೆಟ್ಟಿಗೆಯಲ್ಲಿ ಅತ್ಯಂತ ಸ್ವಾರಸ್ಯದ ಜೋಡಿ ಇದೇ ಎಂದು ನನ್ನ ಅಭಿಪ್ರಾಯ. ಮ್ಯಾಟೆಲ್ 1968ರಲ್ಲಿ ಹಾಟ್ ವೀಲ್ಸ್ ಎಂಬ ಹೆಸರಿನಲ್ಲಿ 16 ಕಾರುಗಳನ್ನು ಬಿಡುಗಡೆ ಮಾಡಿತು. ಸಣ್ಣ ತಂತಿಯ ಆಕ್ಸಲ್, ಕಡಿಮೆ ಘರ್ಷಣೆಯ ಚಕ್ರ, ಥಳಥಳಿಸುವ ಬಣ್ಣ. ಇಳಿಜಾರಿನ ಪಟ್ಟಿಯ ಮೇಲೆ ಬಿಟ್ಟರೆ ಅವು ಹಾರಿಹೋಗುತ್ತಿದ್ದವು. ಅವುಗಳ ಎದುರು ಲೆಸ್ನಿಯ ಬಂಡಿ ಎತ್ತಿನಗಾಡಿಯಂತೆ ಕಂಡಿತು. ಅಮೆರಿಕದ ಮಾರುಕಟ್ಟೆ ಕೈತಪ್ಪುವ ಭಯದಿಂದ ಲೆಸ್ನಿ 1969ರಲ್ಲಿ ಅಂಥದೇ ಸಣ್ಣ ಆಕ್ಸಲ್ಲಿನ, ‘ಸೂಪರ್‌ಫಾಸ್ಟ್’ ಎಂಬ ಹೆಸರಿನ ಚಕ್ರಗಳನ್ನು ತಂದು, ಇದ್ದ ಅಚ್ಚುಗಳನ್ನೇ ತಿದ್ದಿ ಒಂದೊಂದಾಗಿ ಬದಲಾಯಿಸುತ್ತ ಹೋಯಿತು. ತಮ್ಮ ಹಳದಿ ಕಾರು ಆ ಬದಲಾವಣೆಗೆ ಮುಂಚಿನದು, ಕಂಚಿನದು ಅನಂತರದ್ದು. ಎರಡನ್ನೂ ಓರೆ ಹಲಗೆಯ ಮೇಲೆ ಒಟ್ಟಿಗೆ ಬಿಟ್ಟು ನೋಡಿ.

ಸೂಪರ್‌ಫಾಸ್ಟ್ ಕಂಪನಿಯನ್ನು ಉಳಿಸಿತು ಎಂಬುದನ್ನು ಒಪ್ಪುತ್ತೇನೆ, ಆದರೆ ಅದರ ಚೆಲುವನ್ನು ಕೆಡಿಸಿತು ಎಂದೂ ಹೇಳುತ್ತೇನೆ. 8ನೆಯ ಸಂಖ್ಯೆಯ ಫೋರ್ಡ್ ಮಸ್ಟಾಂಗ್ 1966ರಲ್ಲಿ ಬಂದಾಗ ಸಭ್ಯವಾದ, ನಿಜವಾದ ಕಾರಿನ ಪ್ರತಿರೂಪವಾಗಿತ್ತು. 1971ರಲ್ಲಿ ಅದೇ ಮೈಗೆ ಗುಲಾಬಿ ಬಣ್ಣ ಬಳಿದು, ಬಾನೆಟ್ಟಿನಿಂದ ಹೊರಚಾಚಿದ ಎಂಜಿನ್ ಕೂರಿಸಿ ವೈಲ್ಡ್‌ಕ್ಯಾಟ್ ಡ್ರ್ಯಾಗ್‌ಸ್ಟರ್ ಎಂದು ಮಾರಿದರು. ಬೀದಿಯಲ್ಲಿ ಕಂಡದ್ದನ್ನು ಮಾತ್ರ ಮಾಡುತ್ತೇವೆಂಬ ಹಳೆಯ ಸಂಯಮ ಅಲ್ಲಿಗೆ ಹೋಯಿತು.

75ರ ಸಾಲಿನ ಹೊರಗೂ ಬಹಳ ಇವೆ. 1956ರ ‘ಮಾಡೆಲ್ಸ್ ಆಫ್ ಯೆಸ್ಟರ್‌ಇಯರ್’ ಹಳೆಯ ಕಾಲದ ಉಗಿಬಂಡಿ, ಟ್ರಾಮು, ಕಾರುಗಳ ಸಾಲು. ಅಲ್ಲಿ ಓಡೆಲ್ ಅವರ ಕೈಚಳಕವನ್ನು ಕಾಣಬಹುದು. 1960ರಲ್ಲಿ ಆರಂಭವಾದ ‘ಕಿಂಗ್ ಸೈಜ್’ ದೊಡ್ಡ ಟ್ರಕ್ಕುಗಳದು. 1973ರಿಂದ ‘ಸ್ಕೈಬಸ್ಟರ್ಸ್’ ವಿಮಾನಗಳು. ಇವೆಲ್ಲ ಒಂದೇ ಅಳತೆಯವಲ್ಲ. 75ರ ಸಾಲಿನಲ್ಲಂತೂ ಪೊಟ್ಟಣವೇ ಅಳತೆಗೋಲು. ಬಸ್ಸೂ ಅದರಲ್ಲೇ ಹಿಡಿಸಬೇಕು, ಕಾರೂ ಅದರಲ್ಲೇ. ಲಂಡನ್ ಬಸ್ಸು ಪಕ್ಕದ ಕಾರಿಗಿಂತ ಕಿರಿದಾಗಿ ಕಂಡರೆ ಅದು ದೋಷವಲ್ಲ.

ರಿವೆಟ್ಟು ಉತ್ತರಿಸಿದ್ದಾರೆ:

ಟ್ರಕ್ಕಿನ ವಿಷಯಕ್ಕೆ ಬರುತ್ತೇನೆ. ಅದು 13ನೆಯ ಸಂಖ್ಯೆಯ ಡಾಡ್ಜ್. ಸಾಮಾನ್ಯವಾಗಿ ಸಿಗುವುದರಲ್ಲಿ ಮುಂಭಾಗ ಹಳದಿ, ಹಿಂಭಾಗ ಹಸಿರು. ತಾವು ಹೇಳುವ ತಿರುಗುಮುರುಗಾದ ಬಣ್ಣದ್ದು ನಿಜಕ್ಕೂ ಅಪರೂಪ, ಆದ್ದರಿಂದಲೇ ನಕಲಿಗಳೂ ವಿಪರೀತ. ಬಣ್ಣಕ್ಕೆ ಮರುಳಾಗದೆ ಬಂಡಿಯನ್ನು ಮಗುಚಿ.

ಸತುವಿಗೆ ಅಲ್ಯೂಮಿನಿಯಂ, ತಾಮ್ರ, ಮೆಗ್ನೀಸಿಯಂ ಬೆರೆಸಿದ ಲೋಹವನ್ನು ಕರಗಿಸಿ, ಎರಡು ಹೋಳಾದ ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸಿ ಮೈಯನ್ನು ಎರಕ ಹೊಯ್ಯುತ್ತಾರೆ. ಆಗಲೇ ಒಳಗೆ ಸಣ್ಣದೊಂದು ಗೂಟವೂ ಮೈಯೊಂದಿಗೆ ಮೂಡಿರುತ್ತದೆ. ತಳವನ್ನು ಅದಕ್ಕೆ ತೂರಿಸಿ, ಗೂಟದ ತುದಿಯನ್ನು ಒತ್ತಿ ಅಣಬೆಯ ತಲೆಯಂತೆ ಹರಡಿಸಿದರೆ ಅದೇ ರಿವೆಟ್. ಮುಂಭಾಗವನ್ನು ಬೇರೆ ಬಂಡಿಯಿಂದ ತಂದು ಜೋಡಿಸಬೇಕಾದರೆ ಅಥವಾ ಬಿಚ್ಚಿ ಬಣ್ಣ ಬಳಿಯಬೇಕಾದರೆ ಈ ತಲೆಯನ್ನು ಕೊರೆಯದೆ ವಿಧಿಯಿಲ್ಲ. ಕೊರೆದದ್ದಾದರೆ ತಲೆ ಚಪ್ಪಟೆಯಾಗಿರುತ್ತದೆ, ನಡುವೆ ಗುಳಿ ಇರುತ್ತದೆ ಅಥವಾ ಅಂಟಿನ ಹೊಳಪು ಕಾಣುತ್ತದೆ. ಭೂತಗನ್ನಡಿಯ ಕೆಳಗೆ ಬಾಗಿಲ ಸಂದು, ಮೆಟ್ಟಿಲ ಮೂಲೆಗಳನ್ನೂ ನೋಡಿ. ಹಸಿರಿನಡಿಯಲ್ಲಿ ಹಳದಿ ಇಣುಕಿದರೆ ಉತ್ತರ ಸಿಕ್ಕಂತೆ.

ಯಾವುದನ್ನೂ ತೊಳೆಯುವ ಅವಸರ ಬೇಡ. ನಾನೊಮ್ಮೆ ಕೊಳೆ ಹೋಗಲೆಂದು ಲಂಡನ್ ಬಸ್ಸೊಂದನ್ನು ಬಿಸಿ ಸಾಬೂನು ನೀರಿನಲ್ಲಿ ಬಿಟ್ಟಿದ್ದೆ. ಪಕ್ಕದ ಜಾಹೀರಾತಿನ ಚೀಟಿ ಬಟ್ಟಲಿನಲ್ಲಿ ತೇಲುತ್ತಿದ್ದುದನ್ನು ನೋಡಿ ಇಂದಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ.

ಧೂಳುಪೆಟ್ಟಿಗೆ ಬರೆದಿದ್ದಾರೆ:

ಮೂವರಿಗೂ ಧನ್ಯವಾದಗಳು. ಟ್ರಕ್ಕನ್ನು ಹಗಲು ಬೆಳಕಿನಲ್ಲಿ ಮಗುಚಿದೆ. ರಿವೆಟ್ಟಿನ ತಲೆ ಚಪ್ಪಟೆಯಾಗಿದೆ, ನಡುವೆ ಸಾಸಿವೆ ಕಾಳಿನಷ್ಟು ಗುಳಿಯಿದೆ. ಮುಂಭಾಗದ ಮೆಟ್ಟಿಲ ಬಳಿ ಹಸಿರು ಎದ್ದಿರುವ ಕಡೆ ಹಳದಿಯೂ ಕಾಣುತ್ತಿದೆ. ಮಿಯುರಾಗಳನ್ನು ಓರೆ ಹಲಗೆಯ ಮೇಲೆ ಬಿಟ್ಟೆ. ಕಂಚಿನದು ನೆಲ ಮುಟ್ಟಿ ಗೋಡೆಯವರೆಗೆ ಹೋಯಿತು, ಹಳದಿಯದು ಹಲಗೆಯ ಬುಡದಲ್ಲೇ ನಿಂತಿತು. ಆದರೂ ಮೇಜಿನ ಮೇಲೆ ಇಟ್ಟುಕೊಂಡಿರುವುದು ಹಳದಿಯದನ್ನು.

ರಿವೆಟ್ಟು ಬರೆದಿದ್ದಾರೆ:

ಟ್ರಕ್ಕನ್ನು ಬಿಸಾಡಬೇಡಿ. ಹಸಿರನ್ನು ತೆಗೆಯಲೂ ಹೋಗಬೇಡಿ, ಅದರೊಂದಿಗೆ ಅಡಿಯ ಹಳದಿಯೂ ಎದ್ದುಬರುತ್ತದೆ. ಬಣ್ಣ ಬದಲಾಯಿಸಿದ್ದು ಎಂದು ಚೀಟಿ ಬರೆದು ಜೊತೆಗಿಡಿ, ಮುಂದೆ ಕೈಸೇರಿದವರು ಮೋಸಹೋಗುವುದಿಲ್ಲ.